ದಿನಾ ನೀರು ಚಿಮುಕಿಸಬೇಡಿ: ನೀವಿಲ್ಲದಾಗಲೂ ಕೆಲಸ ನಡೆಯಲು ತೋಟ ಕಲಿಸುವ 7 ಹಂತ

"ಎರಡು ದಿನ ಊರಿಗೆ ಹೋದರೆ ಫೋನ್ ಮೇಲೆ ಫೋನ್. ಒಂದು ನಟ್ಟು ತರಬೇಕೆಂದರೂ ಹುಡುಗರು ನನ್ನನ್ನೇ ಕೇಳುತ್ತಾರೆ. ಇವರು ತಾವಾಗಿಯೇ ಕೆಲಸ ಮಾಡುವಂತೆ ಮಾಡುವುದು ಹೇಗೆ?"

ಈ ಪ್ರಶ್ನೆಯನ್ನು ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಬೆಳಗಾವಿ ಉದ್ಯಮಬಾಗದಲ್ಲಿ ಲೇಥ್ ಇಟ್ಟವರು, ತಿಕೋಟಾ ಕಡೆ ಒಣದ್ರಾಕ್ಷಿ ಶೆಡ್ ನಡೆಸುವವರು, ಇಳಕಲ್ಲಿನ ಸೀರೆ ಅಂಗಡಿಯವರು, ಎಲ್ಲರ ಮಾತೂ ಒಂದೇ. ಒಬ್ಬೊಬ್ಬರಿಗೂ ಫೋನಲ್ಲಿ ಹೇಳಿ ಸಾಕಾಗಿದೆ. ಅದಕ್ಕೇ ಒಂದು ಕಡೆ ಬರೆದಿಡುತ್ತಿದ್ದೇನೆ.

ನನ್ನದು ಬಾಗಲಕೋಟೆಯ ನವನಗರದಲ್ಲಿ ಹನಿ ನೀರಾವರಿ ಜೋಡಿಸುವ ಕೆಲಸ. 14 ಜನ ಇದ್ದಾರೆ. ಮೂರು ಗ್ಯಾಂಗ್ ಮಾಡಿಕೊಂಡು ಬೀಳಗಿ, ಮುಧೋಳ, ಹುನಗುಂದದ ಹೊಲಗಳಿಗೆ ಹೋಗುತ್ತಾರೆ. ಆಡಳಿತದ ಪಾಠ ನಾನು ಓದಿದವನಲ್ಲ. ಗಿಡಕ್ಕೆ ನೀರು ಎಷ್ಟು, ಯಾವಾಗ ಎನ್ನುವುದು ಮಾತ್ರ ಚೆನ್ನಾಗಿ ಗೊತ್ತು. ಜನರ ವಿಷಯದಲ್ಲೂ ಅದೇ ಲೆಕ್ಕ ನಡೆಯುತ್ತದೆ ಎಂದು ತಿಳಿಯಲು ಸ್ವಲ್ಪ ವರ್ಷ ಹಿಡಿಯಿತು.

ಕೈ ಹಾಕಬೇಡಿ ಅಂದ ಕೂಡಲೇ ಕೆಲವರು ಪೂರ್ತಿ ಬಿಟ್ಟೇ ಬಿಡುತ್ತಾರೆ. ಬಿಟ್ಟ ತೋಟದಲ್ಲಿ ಬೆಳೆಯುವುದು ಜೇಕು, ಕರಿಕೆ, ಬಳ್ಳಾರಿ ಜಾಲಿ. ನಾನು ಹೇಳುವ ದಾರಿಯಲ್ಲಿ ಮೊದಲ ಮೂರು ತಿಂಗಳು ನಿಮಗೆ ಕೆಲಸ ಜಾಸ್ತಿಯೇ ಆಗುತ್ತದೆ. ಇದಕ್ಕೆ ತಯಾರಿಲ್ಲದಿದ್ದರೆ ಶುರು ಮಾಡಬೇಡಿ.

ಏನೇನು ಬೇಕು

200 ಪುಟದ ಒಂದು ನೋಟ್‌ಬುಕ್. ಮೊಬೈಲಲ್ಲಿ ಬರೆದುಕೊಂಡರೆ ಮತ್ತೆ ತೆಗೆದು ನೋಡುವುದಿಲ್ಲ, ಕಾಗದದ್ದೇ ಇರಲಿ.

ವಾರಕ್ಕೊಮ್ಮೆ ಅರ್ಧ ಗಂಟೆ, ಏನೇ ಬಂದರೂ ತಪ್ಪದ ಸಮಯ. ನಮ್ಮಲ್ಲಿ ಸೋಮವಾರ ಬೆಳಿಗ್ಗೆ 8ಕ್ಕೆ, ಚಹಾ ಜೊತೆ.

ಮೂರು ತಿಂಗಳ ತಾಳ್ಮೆ. ಜೊತೆಗೆ, ಕಳೆದುಹೋದರೂ ಹೊಟ್ಟೆ ಉರಿಯದಷ್ಟು ಸ್ವಲ್ಪ ದುಡ್ಡು. ಹುಡುಗರು ತಾವೇ ನಿರ್ಧಾರ ಮಾಡುವಾಗ ಒಂದೆರಡು ಕಡೆ ನಷ್ಟ ಆಗಿಯೇ ಆಗುತ್ತದೆ. ನಾನು 10,000 ರೂಪಾಯಿ ಬೇರೆ ತೆಗೆದಿಟ್ಟು "ಕಲಿಕೆ ಖರ್ಚು" ಎಂದು ಬರೆದಿದ್ದೆ. ಹಾಗೆ ಮೊದಲೇ ಬರೆದಿಟ್ಟರೆ ದುಡ್ಡು ಹೋದಾಗ ಬೈಗುಳ ಬಾಯಿಗೆ ಬರುವುದಿಲ್ಲ.

1. ಮಣ್ಣು ನೋಡಿ: ಒಂದು ವಾರ ಸುಮ್ನೆ ಬರೆದುಕೊಳ್ಳಿ

ಮೊದಲ ವಾರ ಏನನ್ನೂ ಬದಲಿಸಬೇಡಿ. ಕೇಳಿದ್ದಕ್ಕೆಲ್ಲ ಎಂದಿನಂತೆ ಉತ್ತರ ಕೊಡಿ. ಆದರೆ ಪ್ರತಿ ಪ್ರಶ್ನೆಯನ್ನೂ ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ: ಯಾರು, ಯಾವಾಗ, ಏನು ಕೇಳಿದರು. ಭಾನುವಾರ ಕುಳಿತು ಪ್ರತಿ ಸಾಲಿನ ಮುಂದೆ ಒಂದು ಅಕ್ಷರ ಹಾಕಿ. ಗೊತ್ತಿಲ್ಲದೆ ಕೇಳಿದ್ದಕ್ಕೆ "ಗೊ". ಗೊತ್ತಿದ್ದೂ ಹೆದರಿ ಕೇಳಿದ್ದಕ್ಕೆ "ಹೆ". ನಿಜವಾಗಿ ನೀವೇ ಹೇಳಬೇಕಾದದ್ದಕ್ಕೆ "ನಾ".

ನನ್ನ ಪುಸ್ತಕದಲ್ಲಿ "ನಾ" ಬೆರಳೆಣಿಕೆಯಷ್ಟು. ಅರ್ಧಕ್ಕಿಂತ ಜಾಸ್ತಿ "ಹೆ". ಹೆದರಿಸಿದವನು ಯಾರು? ನಾನೇ. ಬೇರೆ ಯಾರೂ ಅಲ್ಲಿ ಇರಲಿಲ್ಲ.

ಇದೇ ವಾರ ಯಾರದು ಯಾವ ಮಣ್ಣು ಎಂದೂ ನೋಡಿಕೊಳ್ಳಿ. ನಮ್ಮ ಕಡೆ ಎರೆ ಭೂಮಿ ಇದೆ, ಮಸಾರಿಯೂ ಇದೆ. ಎರೆ ಎಂದರೆ ಕಪ್ಪು ಮಣ್ಣು. ಒಮ್ಮೆ ನೀರು ಕುಡಿದರೆ ಬಹಳ ದಿನ ಹಿಡಿದಿಡುತ್ತದೆ, ಜಾಸ್ತಿಯಾದರೆ ಬೇರಿಗೆ ಉಸಿರು ಕಟ್ಟುತ್ತದೆ. ಮಸಾರಿ ಎಂದರೆ ಕೆಂಪು ಮಣ್ಣು. ನೀರು ಬೇಗ ಇಳಿದುಹೋಗುತ್ತದೆ, ಸ್ವಲ್ಪ ಸ್ವಲ್ಪ ಕೊಡುತ್ತಿರಬೇಕು. ಕೆಲಸಗಾರರೂ ಹಾಗೆಯೇ. ಒಬ್ಬನಿಗೆ ಒಮ್ಮೆ ಕೂರಿಸಿ ಪೂರ್ತಿ ಹೇಳಿದರೆ ತಿಂಗಳು ನಡೆಸುತ್ತಾನೆ, ಮತ್ತೆ ಮತ್ತೆ ಹೇಳಿದರೆ ಸಿಡಿಮಿಡಿ. ಇನ್ನೊಬ್ಬನಿಗೆ ನಾಲ್ಕು ದಿನಕ್ಕೊಮ್ಮೆ ನೆನಪಿಸಬೇಕು. ಇದರಲ್ಲಿ ಮೇಲು ಕೀಳು ಇಲ್ಲ. ಎರಡೂ ಮಣ್ಣಲ್ಲಿ ದಾಳಿಂಬೆ ಬೆಳೆದವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ.

ಎಚ್ಚರಿಕೆ: ಎಲ್ಲರಿಗೂ ಒಂದೇ ಟೈಮ್‌ಟೇಬಲ್ ಮಾಡಬೇಡಿ. ಎರೆಗೂ ಮಸಾರಿಗೂ ಒಂದೇ ವಾಲ್ವ್ ಕೊಟ್ಟ ಹೊಲದಲ್ಲಿ ಒಂದು ಕಡೆ ಗಿಡ ಕೊಳೆಯುತ್ತದೆ, ಇನ್ನೊಂದು ಕಡೆ ಒಣಗುತ್ತದೆ.

2. ಗುಂಡಿ ತುಂಬಿಸಿ, ಆಮೇಲೆ ಸಸಿ ಇಡಿ

ದಾಳಿಂಬೆಗೆ ಉದ್ದ, ಅಗಲ, ಆಳ ಎರಡೆರಡು ಅಡಿಯ ಗುಂಡಿ ತೆಗೆಯುತ್ತೇವೆ. ಮೇಲ್ಮಣ್ಣು, ತಿಪ್ಪೆ ಗೊಬ್ಬರ ಹಾಕಿ ತುಂಬಿಸಿ ಆಮೇಲೆ ಸಸಿ ನೆಡುತ್ತೇವೆ. ನೆಟ್ಟ ಮೇಲೆ ಬೇರಿನ ಕೆಳಗೆ ಗೊಬ್ಬರ ಇಡಲು ಆಗುವುದಿಲ್ಲ.

ಜವಾಬ್ದಾರಿ ಕೊಡುವ ಮೊದಲು ತುಂಬಿಸಬೇಕಾದದ್ದು ಇಷ್ಟು.

ಪಗಾರ. ಸಣ್ಣ ಸಂಸ್ಥೆಗಳಲ್ಲಿ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಪಗಾರ ಕೊಡಬೇಕು ಎಂದು ಕಾನೂನೇ ಹೇಳುತ್ತದೆ. 20ನೇ ತಾರೀಖಿನವರೆಗೆ ಓಡಾಡಿಸಿ "ನೀನೇ ಜವಾಬ್ದಾರಿ ತಗೋ" ಎಂದರೆ ಯಾರು ತಗೋತಾರೆ?

ಇಎಸ್‌ಐ, ಅಂದರೆ ಕೆಲಸಗಾರರಿಗೂ ಮನೆಯವರಿಗೂ ಆಸ್ಪತ್ರೆ ಖರ್ಚು ನೋಡುವ ಸರ್ಕಾರಿ ವಿಮೆ. 10 ಅಥವಾ ಹೆಚ್ಚು ಜನ ಇದ್ದರೆ, ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಇರುವವರಿಗೆ ಅನ್ವಯಿಸುತ್ತದೆ. ಮಾಲೀಕರ ಪಾಲು ಶೇ 3.25, ಕೆಲಸಗಾರರದು ಶೇ 0.75. ಪಿಎಫ್, ಅಂದರೆ ಭವಿಷ್ಯ ನಿಧಿ, 20 ಜನ ಆದಾಗ ಬರುತ್ತದೆ. ಇವನ್ನು ತಪ್ಪಿಸಿಕೊಳ್ಳುವ ದಾರಿ ಹುಡುಕುವವರು ಬಹಳ. ಹಾಗೆ ಮಾಡುವವರಿಗೆ ಮುಂದಿನ ಹಂತಗಳು ಕೆಲಸ ಮಾಡುವುದಿಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ.

ಸಾಮಾನು. ಪ್ರತಿ ಗ್ಯಾಂಗಿಗೆ ಅದರದೇ ಡ್ರಿಲ್, ಪಂಚ್, ಹ್ಯಾಕ್ಸಾ, ಪ್ರೆಶರ್ ಗೇಜ್. ಒಂದೇ ಡ್ರಿಲ್ ಮೂರು ಗ್ಯಾಂಗಿಗೆ ಇದ್ದರೆ ಹಂಚುವುದಕ್ಕಾದರೂ ನಿಮಗೆ ಫೋನ್ ಬರುತ್ತದೆ.

ದರಪಟ್ಟಿ. ಯಾವ ಸಾಮಾನಿಗೆ ಎಷ್ಟು, ಎಷ್ಟರವರೆಗೆ ರಿಯಾಯಿತಿ ಕೊಡಬಹುದು ಎಂದು ಬರೆದು ಗೋಡೆಗೆ ಅಂಟಿಸಿ. ಇದೊಂದರಿಂದಲೇ ನನ್ನ "ಗೊ" ಸಾಲುಗಳು ಬಹಳ ಕಮ್ಮಿಯಾದವು.

3. ಗಿಡದಿಂದ ಗಿಡಕ್ಕೆ ಜಾಗ ಬಿಡಿ

ದಾಳಿಂಬೆಯನ್ನು ಸಾಲಿನಿಂದ ಸಾಲಿಗೆ ಸುಮಾರು 15 ಅಡಿ, ಗಿಡದಿಂದ ಗಿಡಕ್ಕೆ 10 ಅಡಿ ಬಿಟ್ಟು ಹಚ್ಚುತ್ತಾರೆ. ಹೊಸದರಲ್ಲಿ ಹೊಲ ಬೋಳು ಬೋಳಾಗಿ ಕಾಣುತ್ತದೆ. ನಡುವೆ ಇನ್ನೊಂದು ಗಿಡ ಹಚ್ಚಿಬಿಡೋಣ ಅನಿಸುತ್ತದೆ. ಹಚ್ಚಿದರೆ ಮೂರನೇ ವರ್ಷ ಗಾಳಿ ಬೆಳಕು ಇಲ್ಲದೆ ರೋಗದ ಗೂಡಾಗುತ್ತದೆ.

ಕೆಲಸ ಹಂಚುವಾಗ ಒಂದು ಕೆಲಸಕ್ಕೆ ಒಬ್ಬರೇ. "ನೀವಿಬ್ಬರೂ ನೋಡಿಕೊಳ್ಳಿ" ಎಂದರೆ ಇಬ್ಬರೂ ನೋಡುವುದಿಲ್ಲ. ತುಂಡು ಕೊಡಬೇಡಿ, ಇಡೀ ಕೆಲಸ ಕೊಡಿ. "ಇವತ್ತು ಪೈಪ್ ಇಳಿಸು" ಎನ್ನುವುದು ತುಂಡು. "ಈ ರೈತರ 4 ಎಕರೆ ನಿನ್ನದು. ಅಳತೆ ತೆಗೆಯುವುದರಿಂದ ನೀರು ಬಿಟ್ಟು ತೋರಿಸುವವರೆಗೆ ನೀನೇ" ಎನ್ನುವುದು ಇಡೀ ಕೆಲಸ.

ಕೆಲಸದ ಜೊತೆ ದುಡ್ಡಿನ ಮಿತಿಯನ್ನೂ ಕೊಡಿ. ಎಷ್ಟರವರೆಗೆ ಕೇಳದೆ ಖರ್ಚು ಮಾಡಬಹುದು? ನಮ್ಮಲ್ಲಿ ಹೊಸಬರಿಗೆ 500 ರೂಪಾಯಿ, ಮೇಸ್ತ್ರಿಗೆ 3,000. ನಿಮ್ಮ ಧಂಧೆಗೆ ತಕ್ಕಂತೆ ಇಟ್ಟುಕೊಳ್ಳಿ. ಹೆಚ್ಚಿನ ಮಾಲೀಕರು ಎಡವುವುದು ಇಲ್ಲೇ. ಕೆಲಸ ಕೊಡುತ್ತಾರೆ, ಕೀಲಿಕೈ ಸೊಂಟದಲ್ಲೇ ಇಟ್ಟುಕೊಳ್ಳುತ್ತಾರೆ. ಅಥವಾ ಮಿತಿ ಕೊಟ್ಟು, ಸಂಜೆ 180 ರೂಪಾಯಿ ಬಿಲ್ ಹಿಡಿದು "ಇದು ಯಾಕೆ ತಂದೆ?" ಎಂದು ಕೇಳುತ್ತಾರೆ. ಒಂದು ಸಲ ಹೀಗೆ ಕೇಳಿದರೆ ಸಾಕು, ಆ ಮಿತಿ ಸತ್ತಂತೆ.

4. ಆಳಕ್ಕೆ ನೀರು ಕೊಡಿ, ಅಂತರ ಬಿಡಿ

ಈ ಲೇಖನದಲ್ಲಿ ಒಂದೇ ಹಂತ ಓದುವ ಪುರುಸೊತ್ತಿದ್ದರೆ ಇದನ್ನೇ ಓದಿ.

ದಿನಾ ಸಂಜೆ ಪೈಪ್ ಹಿಡಿದು ಎರಡು ನಿಮಿಷ ನೀರು ಚಿಮುಕಿಸಿದರೆ ಮೇಲಿನ ಎರಡು ಇಂಚು ಮಣ್ಣು ಮಾತ್ರ ನೆನೆಯುತ್ತದೆ. ನೀರು ಎಲ್ಲಿದೆಯೋ ಬೇರು ಅಲ್ಲಿಗೇ ಬರುತ್ತದೆ. ಬೇರೆಲ್ಲ ಮೇಲೇ ಹರಡುತ್ತದೆ. ಏಪ್ರಿಲ್ ಬಿಸಿಲಿಗೆ ನೀವು ಎರಡು ದಿನ ತಪ್ಪಿಸಿದರೆ ಗಿಡ ಬಾಡುತ್ತದೆ. ಆಗ ನೀವು ಹೇಳುತ್ತೀರಿ: "ನೋಡಿ, ನಾನಿಲ್ಲದಿದ್ದರೆ ನಡೆಯುವುದೇ ಇಲ್ಲ." ಹಾಗೆ ಮಾಡಿದ್ದು ನೀವೇ. ಅದೇ ಗಿಡಕ್ಕೆ ಒಂದೂವರೆ ಅಡಿ ಇಳಿಯುವಷ್ಟು ನೀರು ಕೊಟ್ಟು, ಮಣ್ಣು ಆರಿದ ಮೇಲೆ ಮತ್ತೆ ಕೊಟ್ಟರೆ ಬೇರು ನೀರನ್ನು ಹುಡುಕಿಕೊಂಡು ಕೆಳಗೆ ಹೋಗುತ್ತದೆ.

ದಿನಕ್ಕೆ ಹತ್ತು ಸಲ ಫೋನ್ ಮಾಡಿ "ಎಲ್ಲಿಗೆ ಬಂತು?" ಎಂದು ಕೇಳುವುದು ಚಿಮುಕಿಸುವ ನೀರು. ವಾರಕ್ಕೊಮ್ಮೆ ಕೂರಿಸಿ ಕೆಲಸದ ಉದ್ದೇಶ, ರೈತರ ಸ್ವಭಾವ, ಬಾವಿಯ ನೀರಿನ ಅಂದಾಜು, ಎಲ್ಲಿ ತೊಂದರೆ ಬರಬಹುದು ಎಂದು ಪೂರ್ತಿ ಮಾತಾಡುವುದು ಆಳದ ನೀರು.

ಅಂತರವನ್ನು ಒಮ್ಮೆಗೇ ಹೆಚ್ಚಿಸಬಾರದು. ಹೊಸ ಸಸಿಗೆ ಮೊದಲು ಪದೇ ಪದೇ ನೀರು ಬೇಕೇ ಬೇಕು. ನಾನು ಮಾಡಿದ್ದು ಹೀಗೆ. ಮೊದಲ ಎರಡು ವಾರ ದಿನಾ ಸಂಜೆ 10 ನಿಮಿಷ ಮಾತು. ಮೂರನೇ, ನಾಲ್ಕನೇ ವಾರ ದಿನ ಬಿಟ್ಟು ದಿನ. ಎರಡನೇ ತಿಂಗಳು ಸೋಮವಾರ, ಗುರುವಾರ. ಮೂರನೇ ತಿಂಗಳಿಂದ ಸೋಮವಾರ ಮಾತ್ರ. ನಡುವೆ ಹೊಸ ಹುಡುಗ ಸೇರಿದರೆ ಅವನ ಲೆಕ್ಕ ಮತ್ತೆ ಮೊದಲಿಂದ.

ನಡುವಿನ ದಿನಗಳಲ್ಲಿ ಫೋನ್ ಮಾಡಲು ಮೂರೇ ಕಾರಣ ಎಂದು ಹೇಳಿಬಿಡಿ: ಜೀವಕ್ಕೆ ಅಪಾಯ, ಮಿತಿ ಮೀರಿದ ಖರ್ಚು, ಗಿರಾಕಿಯ ಜೊತೆ ಜಗಳ. ಉಳಿದದ್ದೆಲ್ಲ ಪುಸ್ತಕದಲ್ಲಿ ಬರೆದು ಸೋಮವಾರಕ್ಕೆ. ಆದರೂ ಫೋನ್ ಬರುತ್ತದೆ. "ಸರ, 63ರ ಪೈಪ್ ಸಾಲಂಗಿಲ್ಲ, 75ರದು ತರ್ಲೇನ್ರಿ?" ಆಗ ಉತ್ತರ ಹೇಳಬೇಡಿ. "ನಿನಗ ಏನ್ ಅನಸ್ತದ ಹೇಳು" ಎಂದು ಕೇಳಿ ಸುಮ್ಮನಿರಿ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇರುವುದಿಲ್ಲ. ಬಾಯಿ ಹಾಕಬೇಡಿ. ಅವನು ಹೇಳಿದ್ದು ಸರಿಯಿದ್ದರೆ "ಹಂಗಾ ಮಾಡು" ಅಷ್ಟೇ. ನಿಮ್ಮದಕ್ಕಿಂತ ಬೇರೆ ದಾರಿಯಾಗಿದ್ದು, ಅದರಿಂದಲೂ ಕೆಲಸ ಆಗುವಂತಿದ್ದರೆ ಆಗಲೂ "ಹಂಗಾ ಮಾಡು". ನನಗೆ ಬಹಳ ಕಷ್ಟ ಆದದ್ದು ಈ ಎರಡನೆಯದು.

ಇಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಮನೆ ಹಿಂದೆ ಎರೆ ಮಣ್ಣಲ್ಲಿ ನಾನೇ ಹಚ್ಚಿದ ನಿಂಬೆ ಗಿಡ ಒಮ್ಮೆ ಹಳದಿಯಾಗಿ ಜೋತುಬಿತ್ತು. ನೀರು ಕಮ್ಮಿಯಾಗಿದೆ ಎಂದು ಇನ್ನೂ ಬಿಟ್ಟೆ. ಇನ್ನೂ ಜೋತುಬಿತ್ತು. ಅಗೆದು ನೋಡಿದರೆ ಬೇರು ಕಪ್ಪಾಗಿ ವಾಸನೆ ಬರುತ್ತಿತ್ತು. ನೀರು ಜಾಸ್ತಿಯಾದ ಗಿಡವೂ ನೀರಿಲ್ಲದ ಗಿಡದಂತೆಯೇ ಕಾಣುತ್ತದೆ, ಏಕೆಂದರೆ ಉಸಿರು ಕಟ್ಟಿದ ಬೇರು ನೀರು ಎಳೆಯುವುದಿಲ್ಲ. ಅಂಗಡಿಯಲ್ಲಿ ಮಂಕಾಗಿ, ಹೇಳಿದಷ್ಟೇ ಮಾಡುತ್ತ ನಿಂತ ಹುಡುಗನನ್ನು ಕಂಡರೆ ನಾವು "ಇವನ ಮೇಲೆ ಇನ್ನೂ ಕಣ್ಣಿಡಬೇಕು" ಅಂದುಕೊಳ್ಳುತ್ತೇವೆ. ಬಹಳ ಸಲ ಅವನಿಗೆ ಆಗಿರುವುದು ನಿಮ್ಮ ಕಣ್ಣು ಜಾಸ್ತಿಯಾಗಿಯೇ.

ಪರೀಕ್ಷೆ ಸುಲಭ. ಹೊಲದಲ್ಲಿ ಅರ್ಧ ಅಡಿ ಕೆಳಗಿನ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಡಿದು ನೋಡುತ್ತೇವೆ. ಉಂಡೆ ಕಟ್ಟಿದರೆ ನೀರು ಬೇಡ, ಉದುರಿದರೆ ಬೇಕು. ಕೆಲಸಗಾರನನ್ನು ಕೂರಿಸಿ "ಈ ಕೆಲಸ ಹೇಗೆ ಮಾಡ್ತೀ, ನನಗೆ ಹೇಳು" ಎನ್ನಿ. ಸರಿಯಾಗಿ ಹೇಳಿದರೆ ಇನ್ನು ಪಾಠ ಬೇಡ, ಕೈ ತೆಗೆಯಿರಿ. ತಡವರಿಸಿದರೆ ಕಲಿಸಿ.

5. ಅಳತೆಯನ್ನು ಕೊನೆಯ ಡ್ರಿಪ್ಪರ್ ಹತ್ತಿರ ಮಾಡಿ

ಹಾಗಾದರೆ ಕೆಲಸ ಸರಿಯಾಯಿತೋ ಇಲ್ಲವೋ ಗೊತ್ತಾಗುವುದು ಹೇಗೆ? ಎಲ್ಲರೂ ಕೇಳುವ ಪ್ರಶ್ನೆ.

ಡ್ರಿಪ್ಪರ್ ಎಂದರೆ ಗಿಡದ ಬುಡಕ್ಕೆ ಹನಿ ಬಿಡುವ ಪುಟ್ಟ ತುಂಡು. ಅದು ಕೂರುವ ಸಣ್ಣ ಕಪ್ಪು ಪೈಪಿಗೆ ಲ್ಯಾಟರಲ್ ಅನ್ನುತ್ತೇವೆ, ಲ್ಯಾಟರಲ್‌ಗಳಿಗೆ ನೀರು ತರುವ ದಪ್ಪ ಪೈಪಿಗೆ ಸಬ್‌ಮೇನ್. ಹಿಂದೆ ನಾನು ಬಿಸಿಲಲ್ಲಿ ನಿಂತು ಅಗೆತ, ಜೋಡಣೆ, ತೂತು, ಎಲ್ಲ ನೋಡುತ್ತಿದ್ದೆ. ಈಗ ಕೊನೆಯ ಲ್ಯಾಟರಲ್ಲಿನ ಕೊನೆಯ ಡ್ರಿಪ್ಪರ್ ಕೆಳಗೆ ಒಂದು ಲೀಟರ್ ಬಾಟಲಿ ಇಡುತ್ತೇನೆ. ಗಂಟೆಗೆ 4 ಲೀಟರ್ ಬಿಡುವ ಡ್ರಿಪ್ಪರ್ ಆದರೆ 15 ನಿಮಿಷಕ್ಕೆ ಬಾಟಲಿ ತುಂಬಬೇಕು. ತುಂಬಿದರೆ ಮೋಟರಿನಿಂದ ಅಲ್ಲಿಯವರೆಗೆ ಫಿಲ್ಟರ್, ಪೈಪ್, ವಾಲ್ವ್ ಎಲ್ಲ ಸರಿ ಇದ್ದಂತೆ. ತುಂಬದಿದ್ದರೆ ಮಾತ್ರ ಹಿಂದೆ ಹಿಂದೆ ಹುಡುಕುತ್ತ ಬರಬೇಕು.

ನಿಮ್ಮ ಕೆಲಸದಲ್ಲಿ ಕೊನೆಯ ಡ್ರಿಪ್ಪರ್ ಯಾವುದು? ಹೋಟೆಲ್ ಆದರೆ ಮಧ್ಯಾಹ್ನ 2ಕ್ಕೆ ಎಂಜಲು ತಟ್ಟೆಯಲ್ಲಿ ಉಳಿದ ಪಲ್ಯ. ಲೇಥ್ ಆದರೆ ಗಿರಾಕಿ ವಾಪಸ್ ಕಳಿಸಿದ ಪೀಸು. ಕಿರಾಣಿ ಅಂಗಡಿ ಆದರೆ ತಾರೀಖು ಮುಗಿದು ಮೂಲೆ ಸೇರಿದ ಪೊಟ್ಟಣ. ಒಂದೋ ಎರಡೋ ಅಳತೆ ಸಾಕು. ಹತ್ತು ಇಟ್ಟರೆ ಮತ್ತೆ ಚಿಮುಕಿಸುವ ನೀರೇ.

ಕೆಲಸಗಾರರಿಗೆ ಒಂದು ಆಸರೆ ಕೋಲು ಕೊಡಿ: ಒಂದು ಪುಟದ ಪಟ್ಟಿ. ನಮ್ಮದರಲ್ಲಿ "ಸಬ್‌ಮೇನ್ ಬಾಯಿ ಬಿಚ್ಚಿ ಕಸ ಹೋಗುವವರೆಗೆ ನೀರು ಬಿಡು, ಆಮೇಲೆ ಲ್ಯಾಟರಲ್ ತೊಳೆ, ಆಮೇಲೆ ಎಂಡ್ ಕ್ಯಾಪ್ ಹಾಕು" ಎಂದು ಮೂರೇ ಸಾಲು ಮುಖ್ಯ. ಆಸರೆ ಕಟ್ಟುವಾಗ ಗಿಡ ಸ್ವಲ್ಪ ಅಲುಗಾಡುವಂತೆ ಸಡಿಲ ಬಿಡಬೇಕು. ಗಾಳಿಗೆ ಅಲುಗಾಡಿದ ಕಾಂಡವೇ ದಪ್ಪ ಆಗುವುದು. ಬಿಗಿ ಕಟ್ಟಿದ ಗಿಡ ಕೋಲು ತೆಗೆದ ದಿನ ಮಲಗುತ್ತದೆ. ಪಟ್ಟಿ ನಾಲ್ಕು ಪುಟ ಆಗಿದ್ದರೆ ಅರ್ಧ ಹರಿದು ಹಾಕಿ.

6. ಕತ್ತರಿಗೆ ಕಾಲ ಇದೆ, ರೋಗಕ್ಕೆ ಕಾಲ ಇಲ್ಲ

ವಿಜಯಪುರದ ದ್ರಾಕ್ಷಿ ತೋಟದವರು ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡುತ್ತಾರೆ. ಚಾಟ್ನಿ ಎಂದರೆ ಬಳ್ಳಿ ಸವರುವುದು. ಏಪ್ರಿಲ್‌ನದು ಕಡ್ಡಿ ಬೆಳೆಯಲು, ಅಕ್ಟೋಬರ್‌ನದು ಹಣ್ಣು ಹಿಡಿಯಲು. ದಾರಿಯಲ್ಲಿ ಹೋಗುತ್ತ ಬರುತ್ತ ಯಾರೂ ಕತ್ತರಿ ಆಡಿಸುವುದಿಲ್ಲ.

ತಿದ್ದುವ ಮಾತನ್ನೂ ಹಾಗೆ ಕೂಡಿಟ್ಟುಕೊಳ್ಳಿ. ಸಣ್ಣದನ್ನು ಸೋಮವಾರಕ್ಕೆ, ದೊಡ್ಡದನ್ನು ಆರು ತಿಂಗಳಿಗೊಮ್ಮೆ, ಒಬ್ಬೊಬ್ಬರನ್ನೇ ಕೂರಿಸಿ. ನಾಲ್ಕು ಜನರ ಮುಂದೆ, ಅದರಲ್ಲೂ ರೈತರ ಮುಂದೆ ಎಂದೂ ಬೇಡ.

ಆದರೆ ದಾಳಿಂಬೆಗೆ ದುಂಡಾಣು ಅಂಗಮಾರಿ ಬಂದರೆ ಯಾರೂ ಅಕ್ಟೋಬರ್ ಬರಲಿ ಎಂದು ಕಾಯುವುದಿಲ್ಲ. ಎಲೆ, ಕಾಯಿ ಮೇಲೆ ಕಪ್ಪು ಚುಕ್ಕೆ ಬಿದ್ದು ಕಾಯಿ ಸೀಳುವ ರೋಗ ಅದು. ಅವತ್ತೇ ರೋಗದ ಟೊಂಗೆ ಕತ್ತರಿಸಿ ಸುಡುತ್ತಾರೆ, ಕತ್ತರಿಯನ್ನೂ ಔಷಧಿ ನೀರಲ್ಲಿ ಅದ್ದಿ ತೊಳೆಯುತ್ತಾರೆ. ಹಣ ಕದಿಯುವುದು, ಕುಡಿದು ಕೆಲಸಕ್ಕೆ ಬರುವುದು, ಹೆಣ್ಣುಮಕ್ಕಳ ಜೊತೆ ಕೆಟ್ಟದಾಗಿ ನಡೆದುಕೊಳ್ಳುವುದು, ಮೋಟರಿನ ತ್ರೀ ಫೇಸ್ ಸ್ಟಾರ್ಟರ್ ಡಬ್ಬಿಗೆ ಕರೆಂಟ್ ತೆಗೆಯದೆ ಕೈ ಹಾಕುವುದು, ಈ ನಾಲ್ಕರಲ್ಲಿ "ಅವರೇ ಕಲಿಯಲಿ" ಎನ್ನುವ ಮಾತಿಲ್ಲ. ಆ ಕ್ಷಣವೇ ನಿಲ್ಲಿಸಿ. ಮೃದು ಮನಸ್ಸಿನ ಮಾಲೀಕರು ಇಲ್ಲಿ ಸೋಮವಾರದವರೆಗೆ ಕಾದು ಇಡೀ ಸಾಲನ್ನೇ ಕಳೆದುಕೊಂಡದ್ದನ್ನು ನೋಡಿದ್ದೇನೆ.

7. ಬಹಾರ ಹಿಡಿಯಿರಿ: ನೀವು ಊರು ಬಿಡಿ

ದಾಳಿಂಬೆಗೆ, ನಿಂಬೆಗೆ ಹೂ ಬಿಡಿಸಲು ಕೆಲವು ವಾರ ನೀರು ನಿಲ್ಲಿಸುತ್ತಾರೆ. ಗಿಡ ಒಣಗಿ ಎಲೆ ಉದುರಿಸುತ್ತದೆ, ಮತ್ತೆ ನೀರು ಕೊಟ್ಟಾಗ ಒಟ್ಟಿಗೆ ಹೂ ಬರುತ್ತದೆ. ಇದಕ್ಕೆ ಬಹಾರ ಹಿಡಿಯುವುದು ಎನ್ನುತ್ತಾರೆ. ದಾಳಿಂಬೆಗೆ ಮೂರು ಬಹಾರಗಳಿವೆ: ಜೂನ್, ಜುಲೈನದು ಮೃಗ, ಸೆಪ್ಟೆಂಬರ್, ಅಕ್ಟೋಬರ್‌ನದು ಹಸ್ತ, ಜನವರಿ, ಫೆಬ್ರವರಿಯದು ಅಂಬೆ. ಎಳೆ ಗಿಡಕ್ಕೆ, ರೋಗದ ಗಿಡಕ್ಕೆ ಇದನ್ನು ಮಾಡಬಾರದು. ಮಸಾರಿಯಲ್ಲಿ ಕಮ್ಮಿ ದಿನ, ಎರೆಯಲ್ಲಿ ಜಾಸ್ತಿ ದಿನ.

ಮೂರು ತಿಂಗಳು ಕಳೆದು, ಪುಸ್ತಕದಲ್ಲಿ "ಹೆ" ಸಾಲುಗಳು ಕಮ್ಮಿಯಾಗಿದ್ದರೆ ಊರು ಬಿಡಿ. ಮೊದಲು ಒಂದು ದಿನ. ಮುಂದಿನ ತಿಂಗಳು ಮೂರು ದಿನ. ಆಮೇಲೆ ಒಂದು ವಾರ. ನಾನು ಮೂರು ದಿನದ್ದನ್ನು ಬನಶಂಕರಿ ಜಾತ್ರೆಗೆ ಇಟ್ಟುಕೊಂಡೆ. ಜಾತ್ರೆಯ ಗದ್ದಲದಲ್ಲಿ ಫೋನ್ ಬಂದರೂ ಕೇಳಿಸುವುದಿಲ್ಲ. ಹೋಗುವ ಮೊದಲು ಒಬ್ಬರ ಹೆಸರು ಹೇಳಿ: "ನಾನು ಬರುವವರೆಗೆ ಇವರು ಹೇಳಿದ್ದೇ ಕೊನೆ." ಹೀಗೆ ಹೇಳಿ, ಮೊಬೈಲಲ್ಲಿ ಅಂಗಡಿಯ ಕ್ಯಾಮೆರಾ ನೋಡುತ್ತ ಕೂತರೆ ಊರು ಬಿಟ್ಟಂತೆ ಅಲ್ಲ.

ವಾಪಸ್ ಬಂದ ದಿನ ಜೋಪಾನ. ಒಣಗಿದ ದಾಳಿಂಬೆ ತೋಟಕ್ಕೆ ಕಾಯಿ ಇರುವಾಗ ಒಮ್ಮೆಲೇ ಭರ್ತಿ ನೀರು ಬಿಟ್ಟರೆ ಕಾಯಿ ಸೀಳುತ್ತದೆ. ಒಂದು ವಾರದ ಪ್ರಶ್ನೆ, ಬೈಗುಳ, ಹೊಸ ಐಡಿಯಾ ಎಲ್ಲವನ್ನೂ ಬಾಗಿಲಲ್ಲೇ ಸುರಿಯಬೇಡಿ. ಚಪ್ಪಲಿ ಬಿಡಿ, ಚಹಾ ಕುಡಿಯಿರಿ. ಕೊನೆಯ ಡ್ರಿಪ್ಪರ್ ನೋಡಿ. ಪುಸ್ತಕ ತೆಗೆದು ಅವರು ಏನೇನು ತಾವೇ ತೀರ್ಮಾನಿಸಿದರು ಎಂದು ಓದಿ. ಏನಾದರೂ ತಿದ್ದುವುದಿದ್ದರೆ ಪೆನ್ಸಿಲಲ್ಲಿ ಗುರುತು ಹಾಕಿಕೊಂಡು ಸೋಮವಾರದವರೆಗೆ ಮುಚ್ಚಿಡಿ.